ಆಚಂದ್ರಾರ್ಕ ಮತ್ತು 3,15,36,000 ಸೆಕೆಂಡು

“ಸಾರ್, ಇದು ನಮ್ಮೂರ ಕಲ್ಲಲ್ಲ. ನಮ್ದ್ರಲ್ಲಿ ಕುದುರೆ ಇಲ್ಲ, ಹಸು ಅವೆ.”

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದ ಫೋನು. ಮಾತಾಡುತ್ತಿದ್ದವರು ಅರವತ್ತು ದಾಟಿದ ರೈತರು. ಮಾರನೆಯ ದಿನ ಮನೆಯವರೆಲ್ಲ ಸೇರಿ ಆ ವೀರಗಲ್ಲಿಗೆ ಎಡೆ ಇಡುವವರಿದ್ದರು. ಬೆಂಗಳೂರಿನಿಂದ ಬಂದಿದ್ದ ಮೊಮ್ಮಕ್ಕಳಿಗೆ ತೋರಿಸೋಣವೆಂದು ನಮ್ಮ ಜಾಲತಾಣ ತೆರೆದರೆ, ಅವರ ಊರಿನ ಹೆಸರಿನ ಕೆಳಗೆ ಬೇರೆ ಯಾವುದೋ ಊರಿನ ವೀರ ಕುದುರೆ ಏರಿ ನಿಂತಿದ್ದ. ಆ ತಪ್ಪನ್ನು ನಾನು ನಾಲ್ಕು ದಿನದ ಹಿಂದೆಯೇ ತಿದ್ದಿದ್ದೆ. ನನ್ನ ಕಂಪ್ಯೂಟರಿನಲ್ಲಿ ಹಸುಗಳೇ ಕಾಣುತ್ತಿದ್ದವು. ಅವರ ಫೋನಿನಲ್ಲಿ ಮಾತ್ರ ಕುದುರೆ ಹಾಗೇ ಉಳಿದಿತ್ತು.

ಈ ಚಿತ್ರವನ್ನು ಒಂದು ವರ್ಷ ಇಟ್ಟುಕೋ, ನಡುವೆ ನನ್ನನ್ನು ಕೇಳಬೇಡ ಎಂದು ಅವರ ಫೋನಿಗೆ ಹೇಳಿಕೊಟ್ಟವನು ನಾನೇ. ಮೂರು ತಿಂಗಳು ಓದಿ, ಅಳೆದು, ತೂಗಿ ಬರೆದ ಸಾಲು ಅದು. ಸಾಲು ತಪ್ಪಾಗಿರಲಿಲ್ಲ. ಅದಕ್ಕೆ ಜೊತೆಯಾಗಿ ಇರಬೇಕಾದ ಇನ್ನೊಂದು ಏರ್ಪಾಡನ್ನು ನಾನು ಮಾಡಿರಲಿಲ್ಲ.

ಜಾಲತಾಣ ನನ್ನದಲ್ಲ, ಮೇಷ್ಟ್ರದ್ದು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದವರು. ನಿವೃತ್ತಿಯಾದ ಮೇಲೆ ಮೊಪೆಡ್ಡಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯ ವೀರಗಲ್ಲುಗಳ ಫೋಟೋ ತೆಗೆಯುತ್ತಾ ಬಂದಿದ್ದಾರೆ. ಅವರ ಲೆಕ್ಕದಲ್ಲಿ ಅವು ಎರಡು ಜಿಲ್ಲೆಗಳೇ ಅಲ್ಲ. 2007ರಲ್ಲಿ ಸರ್ಕಾರ ಬೇರೆ ಮಾಡಿದ್ದನ್ನು ಕಲ್ಲುಗಳು ಒಪ್ಪಿಲ್ಲ ಎನ್ನುತ್ತಾರೆ. ಕೈಯಲ್ಲಿ ಸದಾ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದ ಜೆರಾಕ್ಸ್ ಪ್ರತಿ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ ಅದು. ಅದರಲ್ಲಿ ತಾಲ್ಲೂಕುವಾರು ಸಂಖ್ಯೆಗಳಿವೆ. ಮೇಷ್ಟ್ರು ಒಂದೊಂದೇ ಸಂಖ್ಯೆ ಹಿಡಿದು ಊರಿಗೆ ಹೋಗುತ್ತಾರೆ, ಕಲ್ಲು ಇದೆಯೇ ನೋಡುತ್ತಾರೆ. ಇದ್ದರೆ ಫೋಟೋ. ಇಲ್ಲದಿದ್ದರೆ ಎಲ್ಲಿ ಹೋಯಿತೆಂದು ಊರ ಹಿರಿಯರನ್ನು ಕೇಳಿ ಬರೆದುಕೊಳ್ಳುವುದು. ಅಕ್ಷರವೇ ಇಲ್ಲದ, ಯಾವ ಸಂಪುಟಕ್ಕೂ ಸೇರದ ಕಲ್ಲುಗಳೂ ದಾರಿಯಲ್ಲಿ ಸಿಗುತ್ತವೆ. ಹಾಗೆ ಕೂಡಿಕೊಂಡ ಚಿತ್ರಗಳು ಸುಮಾರು 3,800.

ತುರು ಕದ್ದೊಯ್ದವರ ಬೆನ್ನಟ್ಟಿ ಸತ್ತವನು, ಊರಳಿವಿನಲ್ಲಿ ನಿಂತು ಕಾದವನು, ಹುಲಿಯೊಡನೆ ಹೋರಿದವನು. ಗಂಗರು, ನೊಳಂಬರು, ಬಾಣರು, ವೈದುಂಬರು ಒಬ್ಬರ ಗಡಿಯನ್ನು ಒಬ್ಬರು ತುಳಿದಾಡಿದ ನೆಲ ಇದು. ರಾಜರ ಹೆಸರು ಪಾಠ ಪುಸ್ತಕದಲ್ಲಿದೆ, ಸತ್ತವರು ಈ ಕಲ್ಲುಗಳಲ್ಲಿದ್ದಾರೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವಲೋಕ. ಎಲ್ಲ ಕಲ್ಲಿನಲ್ಲೂ ಮೂರೂ ಇರುವುದಿಲ್ಲ. ನೆತ್ತಿಯ ಸೂರ್ಯ ಚಂದ್ರರು ಮಾತ್ರ ಬಹಳ ಕಡೆ ಇರುತ್ತಾರೆ.

ಮೊದಲ ಪುಟ ಹೇಗಿರಬೇಕೆಂದು ಕೇಳಿದಾಗ ಮೇಷ್ಟ್ರು ಹೇಳಿದ್ದು ಒಂದೇ: ತಾಲ್ಲೂಕು ಒತ್ತಿದರೆ ಅಲ್ಲಿನ ಎಲ್ಲ ಕಲ್ಲುಗಳೂ ಒಟ್ಟಿಗೆ ಕಾಣಬೇಕು. “ಹೆಸರು ಓದಿ ಹುಡುಕೋರು ನಾವು ಕಣಪ್ಪ. ಅವರು ಮುಖ ನೋಡಿ ಗುರುತು ಹಿಡಿಯೋರು.” ಪುಟಕ್ಕೆ ಇಪ್ಪತ್ತರಂತೆ ಕತ್ತರಿಸಿ ‘ಮುಂದೆ’ ಎಂಬ ಗುಂಡಿ ಇಡೋಣವೆಂದೆ. ಬೇಡವೆಂದರು. ಈಗ ಅವರೇ ಸರಿ ಅನ್ನಿಸುತ್ತದೆ. ಊರಿನವರು ಆ ಪುಟ ನೋಡುವುದನ್ನು ಪಕ್ಕದಲ್ಲಿ ಕೂತು ಕಂಡಿದ್ದೇನೆ. ಬೆರಳು ಸರಸರ ಮೇಲಕ್ಕೆ ಓಡುತ್ತದೆ, ತಟ್ಟನೆ ನಿಲ್ಲುತ್ತದೆ, “ಇದೇ” ಎನ್ನುತ್ತಾರೆ. ಹಾಗಾಗಿ ಮುಳಬಾಗಿಲು ಪುಟದಲ್ಲಿ 240 ಸಣ್ಣ ಚಿತ್ರಗಳು, ಒಂದೊಂದೂ ಐದಾರು ಕಿಲೋಬೈಟು.

ಎಲ್ಲ ಸೇರಿ ಒಂದೂವರೆ ಮೆಗಾಬೈಟೂ ಆಗುವುದಿಲ್ಲ, ಒಂದು ಒಳ್ಳೆಯ ಫೋಟೋಗಿಂತ ಕಡಿಮೆ. ಆದರೂ ಪುಟ ತೆವಳುತ್ತಿತ್ತು. ಕಾರಣ ತೂಕವಲ್ಲ, ಓಡಾಟ. ಬ್ರೌಸರ್ ಮತ್ತು ಚಿತ್ರಗಳನ್ನು ಇಟ್ಟು ಕಳಿಸುವ ಕಂಪ್ಯೂಟರ್, ಅಂದರೆ ಸರ್ವರ್, ಮಾತಾಡುವ ನಿಯಮಾವಳಿಗೆ ಎಚ್‌ಟಿಟಿಪಿ ಎಂದು ಹೆಸರು. ಹಳೆಯ ಎಚ್‌ಟಿಟಿಪಿ/1.1ರಲ್ಲಿ ಬ್ರೌಸರ್ ಒಂದು ಸರ್ವರಿನ ಕಡೆಗೆ ಸಾಮಾನ್ಯವಾಗಿ ಆರು ಸಂಪರ್ಕ ತೆರೆಯುತ್ತದೆ. ಒಂದು ಸಂಪರ್ಕದಲ್ಲಿ ಒಂದು ಸಲಕ್ಕೆ ಒಂದು ಚಿತ್ರ. 240 ಚಿತ್ರಕ್ಕೆ ನಲವತ್ತು ಸರದಿ. ಹಳ್ಳಿಯ ಮೊಬೈಲ್ ಸಿಗ್ನಲ್ಲಿನಲ್ಲಿ ಹೋಗಿ ಬರುವ ಒಂದು ಸುತ್ತಿಗೆ 150 ಮಿಲಿಸೆಕೆಂಡು ಹಿಡಿದರೆ, ಬರೀ ಓಡಾಟಕ್ಕೇ ಆರು ಸೆಕೆಂಡು. ಸಂತೆಗೆ ಹೋದವನು ಒಂದೊಂದು ಟೊಮೆಟೊಗೂ ಮನೆಗೆ ಬಂದು ಮತ್ತೆ ಹೋದ ಹಾಗೆ.

ಹಿಂದೆ ಇದಕ್ಕೆ ಒಂದು ಉಪಾಯವಿತ್ತು. ಎಲ್ಲ ಸಣ್ಣ ಚಿತ್ರಗಳನ್ನು ಒಂದೇ ದೊಡ್ಡ ಹಾಳೆಯಾಗಿ ಹೊಲಿದು, ಬೇಕಾದ ಕಡೆ ಬೇಕಾದ ಚೂರನ್ನಷ್ಟೇ ತೋರಿಸುವುದು. ಸ್ಪ್ರೈಟ್ ಎನ್ನುತ್ತಾರೆ. ಮಾಡಿ ನೋಡಿದೆ, ಚೆನ್ನಾಗಿಯೇ ಓಡಿತು. ಆದರೆ ಮೇಷ್ಟ್ರು ವಾರಕ್ಕೆ ಒಂದೆರಡು ಫೋಟೋ ಬದಲಿಸುತ್ತಾರೆ. ಗ್ರಾನೈಟಿನ ಮೇಲಿನ ಸವೆದ ಗೆರೆ ನಡುಹಗಲಲ್ಲಿ ಕಾಣುವುದಿಲ್ಲ, ಬೆಳಗಿನ ಎಳೆಬಿಸಿಲು ಅಡ್ಡಡ್ಡ ಬಿದ್ದಾಗ ಮಾತ್ರ ಏಳುತ್ತದೆ. ಅಂಥ ಬೆಳಕು ಸಿಕ್ಕಾಗಲೆಲ್ಲ ಹೊಸ ಫೋಟೋ ಬರುತ್ತದೆ. ಒಂದು ಕಲ್ಲು ಬದಲಾದರೆ ಇಡೀ ಹಾಳೆ ಹೊಸದು, ಎಲ್ಲರ ಫೋನಿನಲ್ಲಿದ್ದ ಹಳೆಯ ಹಾಳೆ ವ್ಯರ್ಥ. 239 ಕಲ್ಲುಗಳನ್ನು ಒಂದಕ್ಕಾಗಿ ಮತ್ತೆ ಹೊರಿಸಬೇಕು. ಕೈಬಿಟ್ಟೆ.

ಹೊಲಿಯುವ ಅಗತ್ಯವನ್ನು ಬಹುಮಟ್ಟಿಗೆ ಕಳೆದದ್ದು 2015ರಲ್ಲಿ ಬಂದ ಎಚ್‌ಟಿಟಿಪಿ/2. ಒಂದೇ ಸಂಪರ್ಕದಲ್ಲಿ ನೂರಾರು ಬೇಡಿಕೆಗಳು ಒಟ್ಟಿಗೆ ಹೋಗುತ್ತವೆ, ಉತ್ತರಗಳು ಹೆಣೆದುಕೊಂಡು ಬರುತ್ತವೆ. ಸರ್ವರಿನಲ್ಲಿ ಅದನ್ನು ಚಾಲೂ ಮಾಡಿದ ದಿನ ಪುಟ ಬೇರೆಯೇ ಆಯಿತು. ಜೊತೆಗೆ ಚಿತ್ರಗಳಿಗೆ ‘ಲೇಝಿ ಲೋಡಿಂಗ್’ ಗುಣವನ್ನೂ ಕೊಟ್ಟೆ, ಪರದೆಯ ಹತ್ತಿರ ಬರುವ ತನಕ ತರುವುದಿಲ್ಲ. ಇವೆರಡೂ ಮೊದಲ ಸಲದ ಭೇಟಿಗೆ. ನನ್ನನ್ನು ಕಾಡಿದ್ದು ಎರಡನೆಯ ಭೇಟಿ. ನಿನ್ನೆ ನೋಡಿದ ಕಲ್ಲನ್ನು ಇವತ್ತು ಮತ್ತೆ ನೋಡಲು ಬಂದವರು ಯಾಕೆ ಕಾಯಬೇಕು?

ಒಮ್ಮೆ ತಂದದ್ದನ್ನು ಹತ್ತಿರದಲ್ಲೇ ಇಟ್ಟುಕೊಂಡು ಮತ್ತೆ ಬಳಸುವ ಈ ಪದ್ಧತಿಗೆ ಕ್ಯಾಶ್ ಎಂದು ಹೆಸರು. ಬ್ರೌಸರಿನಲ್ಲಿ ಅದು ಎರಡು ರೀತಿ ನಡೆಯುತ್ತದೆ. ಮೊದಲನೆಯದು ಕೇಳಿ ಬಳಸುವುದು. ಸರ್ವರ್ ಚಿತ್ರದ ಜೊತೆ ಇ-ಟ್ಯಾಗ್ ಎಂಬ ಒಂದು ಗುರುತು ಕಳಿಸಿರುತ್ತದೆ. ಮುಂದಿನ ಸಲ ಬ್ರೌಸರ್ ಆ ಗುರುತನ್ನು ತೋರಿಸಿ “ಇದು ಬದಲಾಗಿದೆಯಾ?” ಎನ್ನುತ್ತದೆ. ಇಲ್ಲವಾದರೆ ಸರ್ವರ್ ಚಿತ್ರ ಕಳಿಸದೆ 304 ಎಂಬ ಸಂಖ್ಯೆಯಷ್ಟೇ ಕಳಿಸುತ್ತದೆ. ನೋಡಲು ಬಹಳ ನ್ಯಾಯವಾದ ಪದ್ಧತಿ. ಹಳೆಯದನ್ನು ತೋರಿಸುವ ಭಯವೇ ಇಲ್ಲ. ನಾನು ಮೊದಲು ಆರಿಸಿಕೊಂಡದ್ದೂ ಇದನ್ನೇ.

ಅಳೆದಾಗ ಗೊತ್ತಾಯಿತು, ಸಣ್ಣ ಚಿತ್ರಗಳಿಗೆ ಇದರಿಂದ ಹೆಚ್ಚು ಲಾಭವಿಲ್ಲ. ಐದು ಮೆಗಾಬೈಟಿನ ಫೋಟೋಗೆ 304 ಬಂದರೆ ಐದು ಮೆಗಾಬೈಟ್ ಉಳಿಯಿತು. ಐದು ಕಿಲೋಬೈಟಿನ ಚಿತ್ರಕ್ಕೆ ಬಂದರೆ ಉಳಿಯುವುದು ಐದು ಕಿಲೋಬೈಟ್ ಮಾತ್ರ, ಹೋಗಿ ಬರುವ ಸುತ್ತು ಹಾಗೇ ಇರುತ್ತದೆ. ಇಲ್ಲಿ ಖರ್ಚಿರುವುದು ಕೇಳುವುದರಲ್ಲಿಯೇ, ಪಡೆಯುವುದರಲ್ಲಲ್ಲ. ಈ ವಿಷಯದಲ್ಲಿ ನನಗೆ ಗೊತ್ತಾದ ಅತಿ ಮುಖ್ಯ ಸಂಗತಿ ಇದು. ಸಣ್ಣ ಚಿತ್ರಗಳು ಬಹಳ ಇದ್ದಾಗ, ಕೇಳುವುದನ್ನೇ ನಿಲ್ಲಿಸುವ ದಾರಿ ಹುಡುಕಬೇಕು.

ಅದೇ ಎರಡನೆಯ ರೀತಿ. ಫೈಲಿನ ಜೊತೆ ಸರ್ವರ್ ಕಳಿಸುವ ಸೂಚನೆಯ ಸಾಲಿಗೆ ಹೆಡರ್ ಎನ್ನುತ್ತಾರೆ. ‘ಕ್ಯಾಶ್-ಕಂಟ್ರೋಲ್’ ಎಂಬ ಹೆಡರಿನಲ್ಲಿ ‘ಮ್ಯಾಕ್ಸ್-ಏಜ್’ ಎಂಬ ಪದದ ಮುಂದೆ ಇಷ್ಟು ಸೆಕೆಂಡು ಇಟ್ಟುಕೋ ಎಂದು ಬರೆಯುವುದು. ಬಹಳ ಜನ ಬರೆಯುವ ಸಂಖ್ಯೆ 3,15,36,000, ಅಂದರೆ 365 ದಿನ. ಅದರ ಪಕ್ಕದಲ್ಲಿ ‘ಇಮ್ಯೂಟಬಲ್’ ಎಂಬ ಪದವನ್ನೂ ಸೇರಿಸಬಹುದು. 2017ರಲ್ಲಿ ಮಾನಕವಾಗಿ ಬಂದ ಪದ. ಓದುಗ ಪುಟವನ್ನು ರಿಫ್ರೆಶ್ ಮಾಡಿದರೂ ಈ ಫೈಲಿನ ಬಗ್ಗೆ ಕೇಳಬೇಡ, ಇದು ಬದಲಾಗುವುದಿಲ್ಲ ಎಂದು ಅರ್ಥ. ಫೈರ್‌ಫಾಕ್ಸ್, ಸಫಾರಿ ಇದನ್ನು ಮನ್ನಿಸುತ್ತವೆ. ಕ್ರೋಮ್ ತನ್ನ ರಿಫ್ರೆಶ್ ನಡೆಯನ್ನೇ ತಿದ್ದಿಕೊಂಡು ಹೆಚ್ಚುಕಡಿಮೆ ಅದೇ ಫಲ ಕೊಡುತ್ತದೆ.

ಈ ಸಾಲನ್ನು ಬರೆದ ರಾತ್ರಿ ನನಗೆ ಶಾಸನಗಳ ಕೊನೆಯ ಮಾತು ನೆನಪಾಗಿತ್ತು. ದಾನ ಕೊಟ್ಟ ಭೂಮಿ ಆಚಂದ್ರಾರ್ಕವಾಗಿ, ಸೂರ್ಯ ಚಂದ್ರರಿರುವ ತನಕ ನಡೆಯಲಿ ಎಂದು ಬರೆಸುತ್ತಿದ್ದರು. ಕಲ್ಲಿನ ನೆತ್ತಿಯ ಆ ಎರಡು ಗುರುತಿಗೂ ಅದೇ ಅರ್ಥ. ನನ್ನ ಹೆಡರ್ ಕೂಡ ಒಂದು ಸಣ್ಣ ಆಚಂದ್ರಾರ್ಕ ಅನ್ನಿಸಿ ಖುಷಿಯಾಗಿತ್ತು.

ಬ್ರೌಸರನ್ನು ಹೀಗೆ ಒಂದು ದಡ ಸೇರಿಸಿ ಸರ್ವರಿನ ಕಡೆ ತಿರುಗಿದೆ. ಮೊದಲ ಸಲ ಬರುವವರಿಗೆ ಚಿತ್ರ ಅಲ್ಲಿಂದಲೇ ಹೋಗಬೇಕಲ್ಲ. ಕಂಪನಿಗಳಲ್ಲಿ ಕೆಲಸ ಮಾಡುವ ಗೆಳೆಯರು ಮಾಹಿತಿಯನ್ನು ಮೆಮೊರಿಯಲ್ಲೇ ಇಟ್ಟುಕೊಡುವ ಪ್ರೋಗ್ರಾಮುಗಳಾದ ರೆಡಿಸ್ ಹಾಕು, ಮೆಮ್‌ಕ್ಯಾಶ್ಡ್ ಹಾಕು, ಚಿತ್ರಗಳನ್ನೆಲ್ಲ ಮೆಮೊರಿಯಲ್ಲಿಡು, ಡಿಸ್ಕ್ ನಿಧಾನ ಎಂದರು. ಎರಡು ವಾರ ಆ ದಾರಿಯಲ್ಲೂ ನಡೆದೆ. ಆಮೇಲೆ ಒಂದು ದಿನ ಸರ್ವರಿನಲ್ಲಿ ಮೆಮೊರಿಯ ಲೆಕ್ಕ ತೋರಿಸುವ ‘ಫ್ರೀ’ ಕಮಾಂಡ್ ಕೊಟ್ಟು ನೋಡುತ್ತಿದ್ದಾಗ ‘ಬಫ್/ಕ್ಯಾಶ್’ ಎಂಬ ಕಲಂ ಕಣ್ಣಿಗೆ ಬಿತ್ತು. ಸರ್ವರನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಒಮ್ಮೆ ಓದಿದ ಫೈಲನ್ನು ಖಾಲಿ ಇರುವ ಮೆಮೊರಿಯಲ್ಲಿ ತಾನಾಗಿಯೇ ಇಟ್ಟುಕೊಂಡಿರುತ್ತದೆ. ಪೇಜ್ ಕ್ಯಾಶ್ ಎನ್ನುತ್ತಾರೆ. ನಮ್ಮ 3,800 ಸಣ್ಣ ಚಿತ್ರಗಳ ಒಟ್ಟು ತೂಕ ಇಪ್ಪತ್ಮೂರು ಮೆಗಾಬೈಟಿನ ಆಸುಪಾಸು. ಒಂದು ಗಿಗಾಬೈಟಿನ ಅಗ್ಗದ ಸರ್ವರಿನಲ್ಲೂ ಅವು ಅಷ್ಟೂ ಆಗಲೇ ಮೆಮೊರಿಯಲ್ಲಿದ್ದವು. ನಾನು ಅವನ್ನೇ ಇನ್ನೊಂದು ಸಲ ಮೆಮೊರಿಗೆ ತುಂಬಿ, ಪ್ರತಿ ಚಿತ್ರಕ್ಕೂ ಇನ್ನೊಂದು ಪ್ರೋಗ್ರಾಮಿನ ಬಾಗಿಲು ತಟ್ಟಿಸುತ್ತಿದ್ದೆ.

ವಾರ್ನಿಷ್ ಎಂಬ ಕ್ಯಾಶ್ ಸರ್ವರನ್ನು ಕಟ್ಟಿದ ಪೌಲ್-ಹೆನಿಂಗ್ ಕಾಂಪ್ ಇದೇ ಮಾತನ್ನು ಬಹಳ ಹಿಂದೆಯೇ ಎತ್ತಿದ್ದರು. ನಾರ್ವೆಯ ವೆರ್ಡೆನ್ಸ್ ಗಾಂಗ್ ಪತ್ರಿಕೆಗಾಗಿ ಶುರುವಾಗಿ 2006ರಲ್ಲಿ ಹೊರಬಂದ ತಂತ್ರಾಂಶ ಅದು. ಯಾವುದು ಮೆಮೊರಿಯಲ್ಲಿರಬೇಕು, ಯಾವುದು ಡಿಸ್ಕಿನಲ್ಲಿರಬೇಕು ಎಂದು ಆಪರೇಟಿಂಗ್ ಸಿಸ್ಟಂ ಆಗಲೇ ನಿರ್ಧರಿಸುತ್ತಿರುವಾಗ, ಪ್ರೋಗ್ರಾಮು ತಾನೂ ಅದನ್ನೇ ಮಾಡಹೊರಟರೆ ಇಬ್ಬರೂ ಒಂದೇ ಸಾಮಾನನ್ನು ಆಚೀಚೆ ಎಳೆದಾಡುತ್ತಾರೆ ಎಂಬುದು ಅವರ ವಾದ. ನಾನು ರೆಡಿಸ್ ತೆಗೆದುಹಾಕಿದೆ. ಬರಿಯ ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್, ಡಿಸ್ಕಿನ ಮೇಲೆ ಫೈಲುಗಳು, ತೆರೆದ ಫೈಲುಗಳ ವಿವರವನ್ನು ನೆನಪಿಟ್ಟುಕೊಳ್ಳುವ ‘ಓಪನ್ ಫೈಲ್ ಕ್ಯಾಶ್’ ಎಂಬ ಅದರದೇ ಒಂದು ಸೌಲಭ್ಯ. ಅಷ್ಟರಲ್ಲಿ ಮುಗಿಯಿತು.

ಎಲ್ಲರಿಗೂ ಇಷ್ಟರಲ್ಲಿ ಮುಗಿಯುವುದಿಲ್ಲ ಎಂಬುದೂ ನಿಜ. ಫೇಸ್‌ಬುಕ್ ಎಂಜಿನಿಯರುಗಳು 2010ರಲ್ಲಿ ಹೇಸ್ಟ್ಯಾಕ್ ಎಂಬ ತಮ್ಮ ವ್ಯವಸ್ಥೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಆಗ ಅವರ ಬಳಿ 6,500 ಕೋಟಿ ಫೋಟೋಗಳು. ಒಂದೊಂದಕ್ಕೆ ನಾಲ್ಕು ಅಳತೆಯಂತೆ 26,000 ಕೋಟಿ ಚಿತ್ರ, 20 ಪೆಟಾಬೈಟಿಗೂ ಹೆಚ್ಚು. ಅಲ್ಲಿ ಕುತ್ತಿಗೆ ಹಿಡಿದದ್ದು ಚಿತ್ರದ ಗಾತ್ರವಲ್ಲ, ಚಿತ್ರ ಎಲ್ಲಿದೆ ಎಂದು ಹುಡುಕುವ ಕೆಲಸ. ಡೈರೆಕ್ಟರಿಯ ವಿವರ ಓದಲು ಡಿಸ್ಕಿಗೆ ಒಂದು ಹೋಗುವಿಕೆ, ಫೈಲು ಡಿಸ್ಕಿನಲ್ಲಿ ಎಲ್ಲಿದೆ ಎಂದು ಬರೆದಿಟ್ಟ ಐನೋಡ್ ಓದಲು ಇನ್ನೊಂದು, ಕೊನೆಗೆ ಚಿತ್ರಕ್ಕೆ ಮೂರನೆಯದು. ಫೈಲಿನ ಜಾತಕವೆಲ್ಲ ಮೆಮೊರಿಯಲ್ಲಿ ಹಿಡಿಸುತ್ತಿರಲಿಲ್ಲ. ಫೈಲುಗಳ ಪ್ರತಿಗಳನ್ನು ಓದುಗರಿಗೆ ಹತ್ತಿರದ ಸರ್ವರುಗಳಲ್ಲಿಟ್ಟು ಹಂಚುವ ಹೊರಗಿನ ಸಿಡಿಎನ್‌ಗಳು ಈಚಿನ, ಎಲ್ಲರೂ ನೋಡುವ ಫೋಟೋಗಳನ್ನು ಚೆನ್ನಾಗಿ ಹಿಡಿದುಕೊಳ್ಳುತ್ತಿದ್ದವು. ಆದರೆ ಯಾರೋ ಒಬ್ಬರು ಎಂದೋ ಒಮ್ಮೆ ತೆರೆಯುವ ಹಳೆಯ ಫೋಟೋಗಳು ಅಲ್ಲಿರುತ್ತಿರಲಿಲ್ಲ. ಹಾಗಾಗಿ ಅವರು ಲಕ್ಷಾಂತರ ಚಿತ್ರಗಳನ್ನು ಒಂದೊಂದು ಭಾರಿ ಫೈಲಿನೊಳಗೆ ಸಾಲಾಗಿ ಜೋಡಿಸಿ, ಯಾವುದು ಎಲ್ಲಿ ಶುರುವಾಗುತ್ತದೆ ಎಂಬ ಪಟ್ಟಿಯನ್ನಷ್ಟೇ ಮೆಮೊರಿಯಲ್ಲಿಟ್ಟರು. ಚಿತ್ರಕ್ಕೊಂದೇ ಸಲ ಡಿಸ್ಕಿಗೆ ಹೋದರೆ ಸಾಕಾಯಿತು.

ಅವರ ಪರಿಹಾರ ನಮಗೆ ಬೇಕಿಲ್ಲ, ಆದರೆ ಎಂದೋ ಒಮ್ಮೆ ತೆರೆಯುವ ಚಿತ್ರದ ಆ ಮಾತು ನಮಗೂ ತಾಗುತ್ತದೆ. ನಮ್ಮ ಎಲ್ಲ ಕಲ್ಲುಗಳೂ ಅಂಥವೇ. ಗುಡಿಬಂಡೆ ಕಡೆಯ ಒಂದು ಕಲ್ಲನ್ನು ತಿಂಗಳಿಗೆ ಇಬ್ಬರು ನೋಡಿದರೆ ಹೆಚ್ಚು. ಸಿಡಿಎನ್ ಸೇರಿಸಿ ನೋಡಿದ್ದೆ. ಕಡಿಮೆ ಬಳಕೆಯ ಫೈಲುಗಳನ್ನು ಅದು ಹೊರಹಾಕುತ್ತಲೇ ಇರುತ್ತದೆ, ನಮ್ಮವು ಯಾವಾಗಲೂ ಹೊರಗೇ. ಬೆಂಗಳೂರಿನಲ್ಲಿರುವ ಸರ್ವರಿನಿಂದ ಕೋಲಾರಕ್ಕೆ ಚಿತ್ರ ಬರಲು ನಡುವೆ ಇನ್ನೊಬ್ಬರು ಬೇಕಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಆ ಫೋನು ಬಂತು.

ಕ್ಯಾಶಿನ ವಿಷಯದಲ್ಲಿ ನಾನು ಮನಸ್ಸಿಗೆ ತಂದುಕೊಳ್ಳದಿದ್ದ ಒಂದು ಸತ್ಯವಿದೆ. ಸಿಡಿಎನ್‌ಗೆ “ಅದನ್ನು ಬಿಸಾಡು” ಎಂದು ಹೇಳಿಕಳಿಸಬಹುದು. ನಮ್ಮ ಸರ್ವರಿನಲ್ಲಿರುವುದನ್ನು ಅಳಿಸಬಹುದು. ಊರಿನ ಒಬ್ಬರ ಜೇಬಿನಲ್ಲಿರುವ ಫೋನಿಗೆ ನಾವಾಗಿ ಏನನ್ನೂ ಹೇಳಿಕಳಿಸಲು ಆಗುವುದಿಲ್ಲ. ಅದು ಕೇಳಿದರೆ ಮಾತ್ರ ನಾವು ಹೇಳಬಹುದು, ಕೇಳಬೇಡ ಎಂದು ಅದಕ್ಕೆ ಹೇಳಿದವರೂ ನಾವೇ. ನಾನು ಹೊಸ ಫೋಟೋವನ್ನು ಹಳೆಯ ಹೆಸರಿನಲ್ಲೇ, ಹಳೆಯದರ ಮೇಲೆಯೇ ಉಳಿಸಿದ್ದೆ. ಹೆಸರು ಅದೇ ಆದ್ದರಿಂದ ಅವರ ಬ್ರೌಸರಿಗೆ ಅದು ಅದೇ ಚಿತ್ರ. ಸೂರ್ಯ ಚಂದ್ರರನ್ನು ಸಾಕ್ಷಿ ಇಟ್ಟು ಬರೆಸಿದ ಮಾತನ್ನು ಒಂದು ವಾರದೊಳಗೆ ಮುರಿದವನು ನಾನು.

ಅವತ್ತು ಸಂಜೆಯೇ ಆ ಒಂದು ಫೈಲಿಗೆ ಬೇರೆ ಹೆಸರಿಟ್ಟು, ಪುಟದಲ್ಲೂ ಆ ಹೆಸರು ಬದಲಿಸಿ, ಫೋನು ಮಾಡಿದೆ. “ಈಗ ಬಂತು ಸಾರ್, ಹಸು ಬಂದ್ವು” ಎಂದರು. ಕ್ಷಮೆ ಕೇಳಿದೆ. ಅವರಿಗೆ ಅದು ದೊಡ್ಡ ಮಾತಾಗಿರಲಿಲ್ಲ, ಮೊಮ್ಮಕ್ಕಳನ್ನು ಕೂಗುತ್ತಿದ್ದರು. ನನಗೆ ನಿದ್ದೆ ಬರಲಿಲ್ಲ.

ಜೊತೆಗಿರಬೇಕಿದ್ದ ಏರ್ಪಾಡು ಇಷ್ಟೇ: ಫೈಲಿನ ಹೆಸರು ಚಿತ್ರದ ಒಳಗಿನಿಂದಲೇ ಹುಟ್ಟಬೇಕು. ಚಿತ್ರದ ಎಲ್ಲ ಬೈಟುಗಳನ್ನು ಒಂದು ಗಣಿತದ ಜರಡಿಯಲ್ಲಿ ಹಾಯಿಸಿದರೆ ಅದಕ್ಕೇ ವಿಶಿಷ್ಟವಾದ ಒಂದು ಅಕ್ಷರಮಾಲೆ ಬರುತ್ತದೆ, ಹ್ಯಾಶ್ ಎನ್ನುತ್ತಾರೆ. ನಾವು ಬಳಸಿದ್ದು ಎಸ್‌ಎಚ್‌ಎ-256, ಅದರ ಮೊದಲ ಹದಿನಾರು ಅಕ್ಷರಗಳನ್ನು ಹೆಸರಾಗಿ ಇಡುತ್ತೇವೆ. ಒಂದು ಬಿಂದುವಿನ ಬಣ್ಣ ಬದಲಾದರೂ ಹೆಸರೇ ಬೇರೆ. ಆಗ ‘ಇದು ಬದಲಾಗುವುದಿಲ್ಲ’ ಎಂಬ ಹೆಡರ್ ಸುಳ್ಳಾಗುವ ದಾರಿಯೇ ಇಲ್ಲ, ಏಕೆಂದರೆ ಬದಲಾದದ್ದು ಆ ಹೆಸರಿನದಾಗಿ ಉಳಿಯುವುದಿಲ್ಲ. ಬದಲಾಗುವುದು ಪುಟ ಒಂದೇ. ಯಾವ ಊರಿಗೆ ಯಾವ ಚಿತ್ರ ಎಂಬ ಪಟ್ಟಿ ಇರುವುದು ಅಲ್ಲಿ. ಪುಟಕ್ಕೆ ‘ನೋ-ಕ್ಯಾಶ್’ ಎಂದು ಬರೆದೆವು. ಈ ಪದ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಇಟ್ಟುಕೊಳ್ಳಲೇಬೇಡ ಎಂದು ಅದರ ಅರ್ಥವಲ್ಲ, ಅದಕ್ಕೆ ‘ನೋ-ಸ್ಟೋರ್’ ಇದೆ. ‘ನೋ-ಕ್ಯಾಶ್’ ಎಂದರೆ ಇಟ್ಟುಕೋ, ಆದರೆ ಪ್ರತಿಸಲ ನನ್ನನ್ನು ಕೇಳಿ ಬಳಸು ಎಂದು. ಒಂದು ಪುಟಕ್ಕೆ ಒಂದು ಪ್ರಶ್ನೆ, 240 ಚಿತ್ರಕ್ಕೆ ಸೊನ್ನೆ ಪ್ರಶ್ನೆ.

ಇದಾದ ಮೇಲೆ ಮೇಷ್ಟ್ರ ಇನ್ನೊಂದು ಕಷ್ಟವೂ ಸುಲಭವಾಗಿ ಬಗೆಹರಿಯಿತು. ಬೆಟ್ಟದ ಮಗ್ಗುಲಿನ ಊರುಗಳಲ್ಲಿ ಸಿಗ್ನಲ್ ಇರುವುದಿಲ್ಲ. ಕಲ್ಲಿನ ಮುಂದೆ ನಿಂತು ಹಳೆಯ ಫೋಟೋದೊಡನೆ ಹೋಲಿಸಬೇಕೆಂದರೆ ಆಗುತ್ತಿರಲಿಲ್ಲ. ಬ್ರೌಸರ್ ಇಟ್ಟುಕೊಂಡ ಚಿತ್ರವನ್ನೇ ನಂಬೋಣವೆಂದರೆ, ಫೋನಿನಲ್ಲಿ ಜಾಗ ಕಡಿಮೆಯಾದಾಗ ಅದು ಯಾವುದನ್ನು ಬೇಕಾದರೂ ಎತ್ತಿ ಹಾಕಬಹುದು. ಒಂದು ವರ್ಷ ಎಂದು ಬರೆದದ್ದು ಇಟ್ಟುಕೊಳ್ಳಲು ಅನುಮತಿ, ಇಟ್ಟೇ ಇರುತ್ತದೆಂಬ ಭರವಸೆಯಲ್ಲ. ಆಚಂದ್ರಾರ್ಕದ ಗತಿಯೂ ಅದೇ. ಸೂರ್ಯ ಚಂದ್ರರನ್ನು ಹೊತ್ತ ಎಷ್ಟೋ ಕಲ್ಲುಗಳನ್ನು ಮೇಷ್ಟ್ರು ಮೋರಿಯ ಚಪ್ಪಡಿಯಾಗಿ, ಬಟ್ಟೆ ಒಗೆಯುವ ಕಲ್ಲಾಗಿ ಕಂಡಿದ್ದಾರೆ. ಹಾಗಾಗಿ ಸರ್ವಿಸ್ ವರ್ಕರ್ ಎಂಬ ಸಣ್ಣ ಪ್ರೋಗ್ರಾಮು ಬರೆದೆ. ಮನೆ ಬಿಡುವ ಮುಂಚೆ ತಾಲ್ಲೂಕನ್ನು ಒತ್ತಿದರೆ ಅಲ್ಲಿನ ಅಷ್ಟೂ ಚಿತ್ರಗಳನ್ನು ಫೋನಿನ ಬೇರೆ ಕಪಾಟಿಗೆ ತುಂಬಿಕೊಳ್ಳುತ್ತದೆ. ಕಪಾಟಿನಲ್ಲಿದ್ದರೆ ನೆಟ್‌ವರ್ಕಿನ ಕಡೆ ನೋಡಲೇಬೇಡ ಎಂದು ಅದಕ್ಕೆ ಧೈರ್ಯವಾಗಿ ಹೇಳಬಹುದು, ಹೆಸರು ಒಂದೇ ಆದರೆ ಚಿತ್ರವೂ ಒಂದೇ ಎಂಬುದು ಖಾತ್ರಿ ಇರುವುದರಿಂದ. ಫೋನು ಈ ಕಪಾಟನ್ನೂ ಖಾಲಿ ಮಾಡಬಹುದು. ಆದರೆ ಬೆಳಗ್ಗೆ ತುಂಬಿ ಸಂಜೆಯೊಳಗೆ ಬಳಸುವ ಕೆಲಸಕ್ಕೆ ಇದುವರೆಗೆ ಕೈಕೊಟ್ಟಿಲ್ಲ.

ಈ ಪದ್ಧತಿಯಲ್ಲಿ ಒಂದು ಕಸದ ತಾಪತ್ರಯವಿದೆ. ಹೊಸದು ಹಳೆಯದರ ಮೇಲೆ ಬೀಳುವುದಿಲ್ಲ, ಪಕ್ಕದಲ್ಲಿ ಬಂದು ಕೂರುತ್ತದೆ. ಯಾರೂ ತೋರಿಸದ ಹಳೆಯ ಚಿತ್ರಗಳು ಡಿಸ್ಕಿನಲ್ಲಿ ಉಳಿಯುತ್ತಾ ಹೋಗುತ್ತವೆ. ಕಳೆದ ತಿಂಗಳು ಅವನ್ನೆಲ್ಲ ಗುಡಿಸಿ ತೆಗೆಯಲು ಒಂದು ಸ್ಕ್ರಿಪ್ಟ್ ಬರೆದು, ಅಳಿಸುವ ಮುಂಚೆ ಪಟ್ಟಿಯನ್ನು ಮೇಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ನೋಡುತ್ತಾ ಒಂದು ಕಡೆ ನಿಂತರು.

ಕೋಲಾರದ ಹತ್ತಿರದ ಒಂದು ಕೆರೆ ಏರಿಯ ಮಗ್ಗುಲಿನ ಕಲ್ಲು. ಮೊದಲ ಫೋಟೋದಲ್ಲಿ ಕೆರೆ ಬರಡು, ಜಾಲಿ ಬೆಳೆದಿದೆ, ಕಲ್ಲು ಬುಡದವರೆಗೂ ಕಾಣುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ವೀರ, ಅವನ ಕಾಲ ಬಳಿ ಬಿದ್ದ ಇಬ್ಬರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರತೊಡಗಿದ ಮೇಲೆ ಅದೂ ತುಂಬಿತು. ಎರಡನೆಯ ಫೋಟೋದಲ್ಲಿ ನೀರು ನಡುವಿನ ಪಟ್ಟಿಕೆಯವರೆಗೆ ಏರಿದೆ. ಮೂರನೆಯದು ಈಚಿನದು, ಪುಟದಲ್ಲಿ ಈಗ ಕಾಣುವುದು ಅದೇ: ನೀರಿನ ಮೇಲೆ ಒಂದು ಗೇಣು ಕಲ್ಲು, ಅದರಲ್ಲಿ ಸೂರ್ಯ, ಚಂದ್ರ.

“ಇವೆರಡನ್ನೂ ಅಳಿಸ್ಬೇಡಪ್ಪ” ಎಂದರು. “ಮೂರನ್ನೂ ಒಂದ್ರ ಪಕ್ಕ ಒಂದು ಇಡೋಕಾಗ್ತದಾ?”

ಮೂರಕ್ಕೂ ಬೇರೆ ಬೇರೆ ಹೆಸರು ಆಗಲೇ ಇತ್ತು. ಪುಟದಲ್ಲಿ ಎರಡು ಸಾಲು ಸೇರಿಸಿದೆ. ಸ್ಕ್ರಿಪ್ಟನ್ನು ಓಡಿಸಲಿಲ್ಲ.